ಜೀರ್ಣಾಂಗ ಸಂಶೋಧನಾ ಕೇಂದ್ರದ ಆಡಳಿತ: ನನ್ನ ಅನುಭವ

ಅಮೆರಿಕದ ವಿಶ್ವವಿದ್ಯಾಲಯವೊಂದರ ಜೀರ್ಣಾಂಗ ರೋಗ ಸಂಶೋಧನಾ ಕೇಂದ್ರದ ಆಡಳಿತ ನನ್ನ ಹೊಣೆ. ನಾನು ಲೆಕ್ಕಪತ್ರ ಕಲಿತು ಬಂದವಳು. ಕರುಳು, ಯಕೃತ್ತುಗಳ ಬಗ್ಗೆ ತಿಳಿದುಕೊಂಡದ್ದೆಲ್ಲ ಈ ಕೆಲಸಕ್ಕೆ ಸೇರಿದ ಮೇಲೆ. ಇಂಥ ಕೇಂದ್ರಗಳಿಗೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಅಂಗಸಂಸ್ಥೆಯಾದ, ಮಧುಮೇಹ, ಜೀರ್ಣಾಂಗ ಮತ್ತು ಮೂತ್ರಪಿಂಡ ರೋಗಗಳ ಸಂಶೋಧನೆ ನೋಡಿಕೊಳ್ಳುವ ಎನ್‌ಐಡಿಡಿಕೆ, ಪಿ30 ಎಂಬ ಬಗೆಯ ಅನುದಾನ ಕೊಡುತ್ತದೆ. ಮ್ಯಾಸಚೂಸೆಟ್ಸ್‌ನ ಸಂಸದರಾಗಿದ್ದ ಸಿಲ್ವಿಯೋ ಕಾಂಟೆಯವರ ಹೆಸರನ್ನು ಈ ಕೇಂದ್ರಗಳಿಗೆ ಇಡಲಾಗಿದೆ.

ಈ ಹಣ ಯಾವುದೋ ಒಂದು ಸಂಶೋಧನೆಗೆಂದು ಬರುವುದಲ್ಲ. ಸದಸ್ಯ ವಿಜ್ಞಾನಿಗಳು ತಮ್ಮ ತಮ್ಮ ಸಂಶೋಧನೆಗೆ ಬೇರೆಡೆಯಿಂದ ಅನುದಾನ ತಂದಿರುತ್ತಾರೆ. ಒಬ್ಬೊಬ್ಬರೇ ಕಟ್ಟಿಕೊಳ್ಳಲಾಗದ್ದನ್ನು ಕೇಂದ್ರ ಒದಗಿಸುತ್ತದೆ: ರೋಗಿಗಳ ಅಂಗಾಂಶದಿಂದ ಕರುಳಿನ ಆರ್ಗನಾಯ್ಡ್ (ಅಂಗವನ್ನು ಹೋಲುವ ಪುಟ್ಟ ಜೀವಕೋಶ ರಚನೆ) ಬೆಳೆಸುವ ಪ್ರಯೋಗಾಲಯ, ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳ ಸೌಲಭ್ಯ, ಮೈನಸ್ 80 ಡಿಗ್ರಿಯಲ್ಲಿ ಮಾದರಿಗಳನ್ನು ಕಾಪಾಡುವ ಜೈವಿಕ ಬ್ಯಾಂಕ್, ಸಂಖ್ಯಾಶಾಸ್ತ್ರಜ್ಞರ ನೆರವು. ಇವುಗಳನ್ನು ಕೋರ್‌ಗಳು ಎನ್ನುತ್ತೇವೆ. ಐದು ವರ್ಷಗಳ ಅವಧಿ ಮುಗಿಯುವ ಹೊತ್ತಿಗೆ ಮತ್ತೆ ಸ್ಪರ್ಧಿಸಬೇಕು. ಈ ಕೇಂದ್ರ ಇದ್ದದ್ದರಿಂದ ಆದದ್ದೇನು ಎಂಬುದೇ ಆಗ ಎದುರಾಗುವ ಮುಖ್ಯ ಪ್ರಶ್ನೆ.

ಅದರ ಉತ್ತರವನ್ನು ಕೊನೆಯ ವರ್ಷ ಕುಳಿತು ಹುಡುಕಲು ಸಾಧ್ಯವಿಲ್ಲ. ಹಾಗಾಗಿ ನಾನು ಮೊದಲು ಕೈಹಾಕಿದ್ದು ಕೋರ್‌ಗಳ ಕೋರಿಕೆ ನಮೂನೆಗೆ. ಸದಸ್ಯರ ಹೆಸರು, ಯೋಜನೆ, ಶುಲ್ಕ ಭರಿಸುವ ಅನುದಾನದ ಸಂಖ್ಯೆ, ಈ ಮೂರೂ ಇಲ್ಲದೆ ಯಾವ ಕೆಲಸವೂ ಶುರುವಾಗದಂತೆ ಮಾಡಿದೆ. ಪ್ರಬಂಧದಲ್ಲಿ ಬರೆಯಬೇಕಾದ ಕೃತಜ್ಞತಾ ವಾಕ್ಯವನ್ನು ಬಿಲ್ಲಿನ ಕೆಳಗೇ ಅಚ್ಚು ಹಾಕಿಸಿದೆ. ಪ್ರತಿ ತಿಂಗಳೂ ವೈದ್ಯಕೀಯ ಪ್ರಬಂಧಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಸದಸ್ಯರ ಹೊಸ ಪ್ರಬಂಧಗಳನ್ನು ಹುಡುಕಿ, ಕೋರ್ ಬಳಕೆಯ ದಾಖಲೆಯ ಜೊತೆ ತಾಳೆ ನೋಡುತ್ತೇನೆ. ಕೋರ್ ಬಳಸಿದ್ದು ದಾಖಲೆಯಲ್ಲಿದ್ದರೂ ಪ್ರಬಂಧದಲ್ಲಿ ನಮ್ಮ ಅನುದಾನದ ಉಲ್ಲೇಖವಿಲ್ಲದಿದ್ದರೆ ಲೇಖಕರಿಗೆ ಪತ್ರ ಬರೆಯುತ್ತೇನೆ. ಬಳಸದವರ ಪ್ರಬಂಧವನ್ನು ಮಾತ್ರ, ಎಷ್ಟೇ ದೊಡ್ಡ ಪತ್ರಿಕೆಯಲ್ಲಿ ಬಂದಿರಲಿ, ನಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಆಸೆ ಹುಟ್ಟಿಸುವ ಸಂದರ್ಭಗಳು ಬರುತ್ತವೆ. ಆದರೆ ಸಾರ್ವಜನಿಕರ ತೆರಿಗೆ ಹಣದ ಲೆಕ್ಕ ಕೊಡುವವರು ಉಬ್ಬಿಸಿದ ಪಟ್ಟಿ ಕೊಡಬಾರದು.

ಶುಲ್ಕದ ವಿಷಯದಲ್ಲಿ ಲೆಕ್ಕಪತ್ರ ಕಲಿತದ್ದು ಕೈಹಿಡಿಯಿತು. ಸರ್ಕಾರಿ ನಿಯಮದ ಪ್ರಕಾರ ಕೋರ್ ಲಾಭ ಮಾಡುವಂತಿಲ್ಲ. ಖರ್ಚಿಗೆ ಸರಿಹೊಂದುವಷ್ಟು ಮಾತ್ರ ವಸೂಲು ಮಾಡಬೇಕು, ಕನಿಷ್ಠ ಎರಡು ವರ್ಷಕ್ಕೊಮ್ಮೆ ದರ ಪರಿಷ್ಕರಿಸಬೇಕು. ತಂತ್ರಜ್ಞರ ಸಂಬಳ, ರಾಸಾಯನಿಕಗಳು, ಯಂತ್ರದ ನಿರ್ವಹಣಾ ಒಪ್ಪಂದ ಎಲ್ಲವನ್ನೂ ಕೂಡಿ, ಅದರಲ್ಲಿ ಪಿ30 ಭರಿಸುವ ಪಾಲನ್ನು ಕಳೆದು, ಉಳಿದದ್ದನ್ನು ಕೆಲಸದ ಗಂಟೆಗಳಿಗೆ ಹಂಚುತ್ತೇವೆ. ಈ ಲೆಕ್ಕದ ಹಾಳೆಯನ್ನು ನಾನು ಸದಸ್ಯರೆಲ್ಲರ ಮುಂದಿಟ್ಟೆ. ದರ ಏಕೆ ಏರಿತು ಎಂಬ ಜಗಳ ಅಲ್ಲಿಗೆ ಬಹುಪಾಲು ತಣ್ಣಗಾಯಿತು.

ಸರದಿಯ ವಿಷಯ ಇದಕ್ಕಿಂತ ಕಷ್ಟದ್ದು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳನ್ನು ಮುಚ್ಚಿದ ಐಸೊಲೇಟರ್‌ಗಳಲ್ಲೇ ಸಾಕಬೇಕು. ಒಂದೊಂದು ಬ್ಯಾಕ್ಟೀರಿಯಾ ಸಮುದಾಯದ ಪ್ರಯೋಗ ಮಾಡುವಾಗ ಒಂದರದು ಇನ್ನೊಂದಕ್ಕೆ ಬೆರೆಯಬಾರದು, ಹಾಗಾಗಿ ಒಂದು ಪ್ರಯೋಗ ಹಿಡಿದ ಜಾಗ ತಿಂಗಳುಗಟ್ಟಲೆ ತೆರವಾಗುವುದಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರ ಫೋನ್ ಕರೆಯಿಂದ ಸರದಿ ತಿರುಗಿಬಿಟ್ಟರೆ, ಈಗಷ್ಟೇ ಪ್ರಯೋಗಾಲಯ ತೆರೆದ ಯುವ ವಿಜ್ಞಾನಿಯ ಒಂದು ವರ್ಷ ಹೋದಂತೆಯೇ. ಆದ್ದರಿಂದ ಆದ್ಯತೆಯ ನಿಯಮಗಳನ್ನು ಬರಹಕ್ಕಿಳಿಸಿ, ವಿನಾಯಿತಿ ಕೊಡುವ ಅಧಿಕಾರವನ್ನು ನಿರ್ದೇಶಕರ ಒಪ್ಪಿಗೆಯೊಂದಿಗೆ ಬಳಕೆದಾರರ ಸಮಿತಿಗೆ ವಹಿಸಿದೆ. ಈಗ ವಿನಾಯಿತಿ ಕೇಳುವವರು ಕಾರಣವನ್ನು ಬರೆದುಕೊಡಬೇಕು. ಕೋರ್ ನಡೆಸುವ ತಂತ್ರಜ್ಞರಿಗೆ ಇದರಿಂದ ಸಿಕ್ಕ ನಿರಾಳತೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒತ್ತಡ ಮೊದಲು ಬೀಳುತ್ತಿದ್ದದ್ದು ಅವರ ಮೇಲೆ.

ಪೈಲಟ್ ಅನುದಾನಗಳ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಹೊಸಬರಿಗೆ, ಬೇರೆ ಕ್ಷೇತ್ರದಿಂದ ಜೀರ್ಣಾಂಗದ ಕಡೆಗೆ ಹೊರಳುವವರಿಗೆ ಕೊಡುವ ಸಣ್ಣ ಮೊತ್ತ ಅದು. ಎನ್‌ಐಎಚ್ ಪದ್ಧತಿಯಂತೆ 1ರಿಂದ 9ರವರೆಗೆ ಅಂಕ. 1 ಎಂದರೆ ಅತ್ಯುತ್ತಮ. ಅರ್ಜಿದಾರರ ಮಾರ್ಗದರ್ಶಕರು ಸಭೆಯಲ್ಲಿದ್ದರೆ ಆ ಅರ್ಜಿಯ ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು, ಯಾರೇ ಆಗಿರಲಿ. ಅನುದಾನ ಸಿಗದವರಿಗೂ ಪರಿಶೀಲಕರ ಟಿಪ್ಪಣಿ ತಪ್ಪದೆ ತಲುಪಬೇಕೆಂದು ಹಟ ಹಿಡಿದೆ. ಹಣ ಪಡೆದವರನ್ನು ಅವಧಿ ಮುಗಿದ ಮೇಲೂ ವರ್ಷಕ್ಕೊಮ್ಮೆ ವಿಚಾರಿಸುತ್ತೇನೆ: ಪ್ರಬಂಧ ಬಂತೇ, ಆರ್01ನಂಥ ದೊಡ್ಡ ಅನುದಾನ ಸಿಕ್ಕಿತೇ, ಇನ್ನೂ ಈ ಕ್ಷೇತ್ರದಲ್ಲೇ ಇದ್ದಾರೆಯೇ. ನವೀಕರಣದ ಅರ್ಜಿಯಲ್ಲಿ ಈ ಪಟ್ಟಿಗಿರುವಷ್ಟು ತೂಕ ಹೊಗಳಿಕೆಯ ಮಾತುಗಳಿಗಿಲ್ಲ.

ಈಚೆಗೆ ದಿನಚರಿಗೆ ಇನ್ನೊಂದು ಕೆಲಸ ಸೇರಿದೆ. ಮೊದಲು ಎನ್‌ಐಎಚ್ ಹಣದ ನೆರವು ಪಡೆದ ಪ್ರಬಂಧಗಳನ್ನು ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಸಾರ್ವಜನಿಕರಿಗೆ ತೆರೆದಿಡಲು ಪ್ರಕಟಣೆಯ ನಂತರ 12 ತಿಂಗಳವರೆಗೆ ಅವಕಾಶವಿತ್ತು. 2025ರ ಜುಲೈ 1ರಿಂದ ಈಚೆಗೆ ಸ್ವೀಕೃತವಾದ ಪ್ರಬಂಧಗಳಿಗೆ ಆ ಬಿಡುವಿಲ್ಲ. ಪ್ರಕಟವಾದ ದಿನವೇ ಅವು ಎಲ್ಲರಿಗೂ ಸಿಗಬೇಕು. ಹಾಗಾಗಿ ಪತ್ರಿಕೆಯಿಂದ ಸ್ವೀಕೃತಿ ಪತ್ರ ಬಂದ ದಿನವೇ ನನಗೆ ಕಳುಹಿಸಿ ಎಂದು ಸದಸ್ಯರಿಗೆ ಹೇಳಿದ್ದೇನೆ, ಹಸ್ತಪ್ರತಿ ಸಲ್ಲಿಸಲು ನಮ್ಮ ಕಚೇರಿಯೇ ನೆರವಾಗುತ್ತದೆ.