ಹೊಸ ಆರ್‌ವಿ ಕೈಗೆ ಬರುವ ಮುಂಚೆ: ಇಡೀ ದಿನದ ತಪಾಸಣೆ ಮಾಡುವ ಬಗೆ

ಅಮೆರಿಕದಲ್ಲಿ ಹೊಸ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆರ್‌ವಿ (ಚಕ್ರದ ಮೇಲಿನ ಮನೆ) ಕೊಳ್ಳುವ ನಮ್ಮವರು ಅದನ್ನು ಹೊಸ ಕಾರಿನ ಹಾಗೇ ತರುತ್ತಾರೆ: ಒಂದು ಸುತ್ತು ನೋಡಿ, ಸಹಿ ಹಾಕಿ, ಕೀ ಇಸಕೊಂಡು, ಫೋಟೋ ತೆಗೆಸಿಕೊಂಡು ಹೊರಟುಬಿಡುವುದು. ಆದರೆ ಆರ್‌ವಿ ತಯಾರಾಗುವುದು ಕಾರಿನಂತಲ್ಲ. ಸ್ಕ್ರೂ ಗನ್, ಸ್ಟೇಪಲ್ ಗನ್ ಹಿಡಿದ ಜನ ಓಡುತ್ತೋಡುತ್ತ ಕಟ್ಟುವ ಮರದ ಮನೆ ಅದು. ಹೆಚ್ಚಿನವು ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಅಲ್ಲಿನ ಎಷ್ಟೋ ಕಾರ್ಖಾನೆಗಳಲ್ಲಿ ಕೂಲಿ ಗಂಟೆಗಲ್ಲ, ಪೀಸ್ ಲೆಕ್ಕಕ್ಕೆ. ಅವತ್ತಿನ ಗುರಿ ಮುಗಿದರೆ ಮನೆಗೆ. ನಿಧಾನವಾಗಿ ನೆಟ್ಟಗೆ ಕೂರಿಸಿದವನಿಗೆ ಹೆಚ್ಚು ದುಡ್ಡು ಸಿಗುವುದಿಲ್ಲ. 2019ರಲ್ಲಿ ಸುಮಾರು 4 ಲಕ್ಷ ಇದ್ದ, ಕಾರ್ಖಾನೆಗಳಿಂದ ಹೊರಟ ಆರ್‌ವಿಗಳ ಒಟ್ಟು ಸಂಖ್ಯೆ 2021ರಲ್ಲಿ 6 ಲಕ್ಷ ದಾಟಿತು. ಆ ಅವಸರದಲ್ಲಿ ಕಟ್ಟಿದ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿವೆ, ಅದೂ ನೆನಪಿರಲಿ.

ಬ್ರ್ಯಾಂಡ್ ಬದಲಿಸಿದರೆ ಪಾರಾಗಬಹುದು ಅನ್ನುವುದು ಅರ್ಧ ಸತ್ಯ. ಜೇಕೊ, ಕೀಸ್ಟೋನ್, ಏರ್‌ಸ್ಟ್ರೀಮ್ ಮೂರೂ ಥಾರ್ ಕಂಪನಿಯವೇ. ಹೆಸರು ಬೇರೆ ಬೇರೆ ಇದ್ದರೂ ಆಕ್ಸಲ್, ಫ್ರಿಜ್, ಫರ್ನೆಸ್ ಬರುವುದು ಅದೇ ನಾಲ್ಕಾರು ಸಪ್ಲೈಯರ್‌ಗಳಿಂದ. ಬಾಗಿಲ ಪಕ್ಕದಲ್ಲಿ ಆರ್‌ವಿಐಎ (ಆರ್‌ವಿ ತಯಾರಕರ ಸಂಘ) ಸೀಲ್ ಇರುತ್ತದಲ್ಲ, ಅದು ಗ್ಯಾಸ್, ವಿದ್ಯುತ್, ನೀರು, ಬೆಂಕಿಯ ಸುರಕ್ಷತಾ ನಿಯಮಗಳಿಗೆ ಸಂಬಂಧಿಸಿದ್ದು. ಕೆಲಸ ನೀಟಾಗಿದೆ ಎಂಬ ಸರ್ಟಿಫಿಕೇಟ್ ಅಲ್ಲ.

ಡೀಲರಿಗೆ ಹಿಂದಿನ ದಿನವೇ ಹೇಳಿಡಿ: ಗಾಡಿಗೆ ಕರೆಂಟು ಕೊಟ್ಟು ಫ್ರಿಜ್ ಹಾಕಿಟ್ಟಿರಬೇಕು, ಗ್ಯಾಸ್ ಸಿಲಿಂಡರ್ ಮತ್ತು ನೀರು ತುಂಬಿರಬೇಕು. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ತಣ್ಣಗಾಗಲು ಎಂಟು ಹತ್ತು ಗಂಟೆ ಬೇಕು. ಬೆಳಿಗ್ಗೆ ಹಾಕಿದರೆ ಸಂಜೆವರೆಗೂ ನಿಮಗೆ ಏನೂ ಗೊತ್ತಾಗುವುದಿಲ್ಲ. ನೀವು ಒಯ್ಯಬೇಕಾದ್ದು: ಏಣಿ, ಪ್ರಖರ ಟಾರ್ಚ್, ತೇವ ಅಳೆಯುವ ಮೀಟರ್, ಎರಡು ಥರ್ಮಾಮೀಟರ್, ಪ್ಲಗ್ ಟೆಸ್ಟರ್, ಸೋಪು ನೀರಿನ ಸ್ಪ್ರೇ ಬಾಟಲಿ, ಒಂದು ಕಟ್ಟು ಟಿಶ್ಯೂ, ಬಣ್ಣದ ಟೇಪು. ದೋಷ ಕಂಡಲ್ಲೆಲ್ಲ ಟೇಪು ಅಂಟಿಸಿ ಫೋಟೋ ತೆಗೆಯಿರಿ. ಸೇಲ್ಸ್‌ನವನು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೆ ನೋಡಲಿ ಬಿಡಿ.

ಮೊದಲು ಚಾವಣಿ. ಆರ್‌ವಿಯನ್ನು ಕೊಲ್ಲುವುದು ಎಂಜಿನ್ನೂ ಅಲ್ಲ, ಟೈರೂ ಅಲ್ಲ, ನೀರು. ಮೇಲೆ ಹತ್ತಬಹುದೇ ಎಂದು ಕೇಳಿಕೊಳ್ಳಿ, ಇಲ್ಲದಿದ್ದರೆ ಏಣಿಯ ಮೇಲಿಂದಲೇ ನೋಡಿ. ವೆಂಟ್, ಏಂಟೆನಾ, ಸೋಲಾರ್ ವೈರು ಒಳಹೋಗುವ ಜಾಗ, ಮುಂದಿನ ಹಿಂದಿನ ಅಂಚುಪಟ್ಟಿ, ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಸೀಲೆಂಟ್ ಕಡಿಯದೆ ಹರಿದು, ಪ್ರತಿ ಸ್ಕ್ರೂ ತಲೆಯನ್ನೂ ಮುಚ್ಚಿರಬೇಕು. ಸೂಜಿಮೊನೆಯಷ್ಟು ರಂಧ್ರ ಸಾಕು. ಪಕ್ಕದ ಗೋಡೆ ಫೈಬರ್‌ಗ್ಲಾಸ್ ಆಗಿದ್ದರೆ ಟಾರ್ಚನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ಬೆಳಕು ಬಿಡಿ. ಅಲೆ ಅಥವಾ ಉಬ್ಬು ಕಂಡರೆ ಹಿಂದಿನ ತೆಳು ಪ್ಲೈವುಡ್‌ನಿಂದ ಹಾಳೆ ಬಿಟ್ಟಿದೆ ಎಂದರ್ಥ. ಅದು ಪೂರ್ತಿ ಸರಿಹೋಗುವ ರೋಗವಲ್ಲ. ಆ ಗಾಡಿ ಬೇಡ. ಒಳಗೆ ಬಂದು ಕಪಾಟಿನ ಮೂಲೆ, ಕಿಟಕಿಯ ಕೆಳಗೆ, ಸ್ಲೈಡ್‌ಔಟ್ (ನಿಲ್ಲಿಸಿದಾಗ ಹೊರಕ್ಕೆ ಚಾಚಿ ಜಾಗ ಹೆಚ್ಚಿಸುವ ಭಾಗ) ಮೂಲೆಗಳಲ್ಲಿ ಮೀಟರ್ ಹಿಡಿಯಿರಿ. ಮರದಲ್ಲಿ ಶೇ. 15ರೊಳಗಿದ್ದರೆ ಸರಿ, 20 ದಾಟಿದರೆ ನೀರು ಎಲ್ಲಿಂದಲೋ ಬರುತ್ತಿದೆ.

ನೀರಿನ ಪೈಪಿಗೆ ಹೆಚ್ಚು ಹೊತ್ತು ಕೊಡಿ. ಟ್ಯಾಂಕ್ ತುಂಬಿ ಪಂಪ್ ಹಾಕಿ, ಒಂದೊಂದೇ ನಲ್ಲಿ ಬಿಟ್ಟು ಗಾಳಿ ಹೋಗಲಾಡಿಸಿ, ಎಲ್ಲ ಮುಚ್ಚಿ. ಪಂಪ್ ತಾನಾಗಿ ನಿಲ್ಲಬೇಕು. ಸ್ವಿಚ್ ಹಾಗೇ ಇರಲಿ, ಅರ್ಧ ಗಂಟೆ ಕಾಯಿರಿ. ಯಾರೂ ನಲ್ಲಿ ಮುಟ್ಟದೆ ಪಂಪ್ ಒಮ್ಮೆ ‘ಗುರ್ರ್’ ಎಂದರೆ ಒತ್ತಡ ಎಲ್ಲೋ ಸೋರಿದೆ. ಆಗ ಟಿಶ್ಯೂ ಹಿಡಿದು ಸಿಂಕ್ ಕೆಳಗೆ, ಟಾಯ್ಲೆಟ್ ಹಿಂದೆ, ಪಂಪಿನ ಎರಡೂ ತುದಿ, ಹೀಟರ್ ಹಿಂಭಾಗ, ಹೊರಗಿನ ಶವರ್, ಹೀಗೆ ಪ್ರತಿ ಜಾಯಿಂಟನ್ನೂ ಒರೆಸಿ ನೋಡಿ. ಕೆಲವು ಸೋರಿಕೆ ಅವತ್ತು ಕಾಣುವುದೇ ಇಲ್ಲ: ಪಟ್ಟಿ ಬಡಿಯುವಾಗ ಸ್ಕ್ರೂ ಪೆಕ್ಸ್ ಎಂಬ ಪ್ಲಾಸ್ಟಿಕ್ ನೀರಿನ ಪೈಪಿಗೆ ಹೊಕ್ಕಿರುತ್ತದೆ, ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು ಕೂತಿರುತ್ತದೆ. ಸಾವಿರ ಮೈಲಿ ಅಲುಗಾಡಿದ ಮೇಲೆ ತೊಟ್ಟಿಕ್ಕಲು ಶುರು. ಹಾಗಾಗಿ ಮೊದಲ ಪ್ರವಾಸ ಮುಗಿದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ.

ಡ್ರೇನ್ ಪರೀಕ್ಷೆಗೆ ಸಿಂಕ್‌ನ ತೂತು ಮುಚ್ಚಿ, ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಡಿ. ಸಣ್ಣ ಧಾರೆಗೆ ಸುಮ್ಮನಿರುವ ಜಾಯಿಂಟ್ ಜೋರು ಹರಿವಿಗೆ ಬಾಯಿ ಬಿಡುತ್ತದೆ. ಪಂಪಿನ ಮುಂದಿರುವ ಪಾರದರ್ಶಕ ಸ್ಟ್ರೈನರ್ ಬಟ್ಟಲು ಬಿಚ್ಚಿ ನೋಡಿ. ಟ್ಯಾಂಕಿಗೆ ತೂತು ಕೊರೆದಾಗಿನ ಪ್ಲಾಸ್ಟಿಕ್ ಸುರುಳಿಗಳು ಅಲ್ಲಿ ಸಿಗುವುದು ಮಾಮೂಲು. ವಾಟರ್ ಹೀಟರಿನ ಎಲೆಕ್ಟ್ರಿಕ್ ಸ್ವಿಚ್ಚನ್ನು ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬರುವವರೆಗೆ ಮುಟ್ಟಬೇಡಿ, ಖಾಲಿ ಹೀಟರಿನಲ್ಲಿ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಗ್ಯಾಸಿಗೆ ಎಲ್ಲ ಜಾಯಿಂಟಿಗೂ ಸೋಪು ನೀರು. ಗುಳ್ಳೆ ಎದ್ದರೆ ಸೋರಿಕೆ. ಮಾನೋಮೀಟರ್ ಹಾಕಿ ಒತ್ತಡ 11 ಇಂಚು ವಾಟರ್ ಕಾಲಮ್ (ಗ್ಯಾಸ್ ಒತ್ತಡದ ಮಾನ) ಇದೆಯೇ, ಲೀಕ್ ಟೆಸ್ಟ್ ಪಾಸಾಗುತ್ತದೆಯೇ ಎಂಬುದನ್ನು ಡೀಲರಿನ ಮೆಕ್ಯಾನಿಕ್ ನಿಮ್ಮೆದುರೇ ತೋರಿಸಲಿ.

ಎಲ್ಲ ಪ್ಲಗ್ ಪಾಯಿಂಟಿಗೂ ಟೆಸ್ಟರ್ ಹಾಕಿ, ಶಾಕ್ ಹೊಡೆಯದಂತೆ ಕರೆಂಟು ಕಡಿಯುವ ಜಿಎಫ್‌ಸಿಐ ಪಾಯಿಂಟಿನ ಟೆಸ್ಟ್ ಗುಂಡಿ ಒತ್ತಿ. 30 ಆಂಪ್ ಆರ್‌ವಿ ಪ್ಲಗ್ 120 ವೋಲ್ಟಿನದು. ಮನೆಯ ಬಟ್ಟೆ ಡ್ರೈಯರಿನ 30 ಆಂಪ್ ಸಾಕೆಟ್ ನೋಡಲು ಹತ್ತಿರದ್ದು, ಆದರೆ ಅದರಲ್ಲಿ 240 ವೋಲ್ಟ್. ಎಲೆಕ್ಟ್ರಿಷಿಯನ್ ಗೊಂದಲ ಮಾಡಿಕೊಂಡರೆ ಒಂದೇ ಏಟಿಗೆ ಎಲ್ಲ ಹೊಗೆ. ಎಸಿಯನ್ನು ಅರ್ಧ ಗಂಟೆ ಓಡಿಸಿ, ಒಳಗೆಳೆಯುವ ಗಾಳಿಗೂ ಹತ್ತಿರದ ವೆಂಟಿನಿಂದ ಬರುವ ಗಾಳಿಗೂ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಬರಬೇಕು. ಬರದಿದ್ದರೆ ಚಾವಣಿಯ ಜಾಲರಿ ಬಿಚ್ಚಿ. ತಣ್ಣನೆ ಗಾಳಿಯ ಕೋಣೆಗೂ ವಾಪಸು ಗಾಳಿಯ ಕೋಣೆಗೂ ನಡುವೆ ಅಂಟಿಸಿದ ಫಾಯಿಲ್ ಟೇಪು ಕಳಚಿ ಜೋತಾಡುತ್ತಿರುವುದು ಬಹಳ ಸಲ ಕಾಣುತ್ತದೆ. ಯಂತ್ರ ಸರಿಯಿದೆ, ಅಂಟಿಸಿದ್ದೇ ಸರಿಯಿಲ್ಲ.

ನಮ್ಮ ಅಡುಗೆಗೆ ಸಂಬಂಧಿಸಿದ್ದೊಂದಿದೆ. ಒಲೆಯ ಮೇಲಿನ ಹುಡ್ ಫ್ಯಾನ್ ಹಾಕಿ ಹೊರಗೆ ಹೋಗಿ ನೋಡಿ. ಗೋಡೆಯ ಮೇಲಿನ ಮುಚ್ಚಳಕ್ಕೆ ಪ್ರಯಾಣದಲ್ಲಿ ಬಡಿಯದಿರಲಿ ಎಂದು ಎರಡು ಪುಟ್ಟ ಪ್ಲಾಸ್ಟಿಕ್ ಚಿಲಕ ಇರುತ್ತವೆ. ಅವನ್ನು ತಿರುಗಿಸದಿದ್ದರೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ಹೊರಗೆ ಹೋಗುವುದಿಲ್ಲ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಹೊರದಾರಿಯೇ ಇಲ್ಲ. ಕುಕ್ಕರ್ ನಾಲ್ಕು ಸೀಟಿ ಹೊಡೆದು, ಒಗ್ಗರಣೆಯೂ ಬಿದ್ದರೆ ಆ ಹಬೆಯೆಲ್ಲ ಮೇಲಿನ ಕಪಾಟಿನ ಹಲಗೆಗೇ.

ಸ್ಲೈಡ್‌ಔಟನ್ನು ಮೂರು ಸಲ ಪೂರ್ತಿ ಹೊರಗೆ, ಒಳಗೆ ಮಾಡಿ. ಎರಡೂ ಬದಿ ಒಂದೇ ವೇಗದಲ್ಲಿ ಚಲಿಸಬೇಕು, ರಬ್ಬರ್ ಸೀಲ್ ಮಡಿಚಬಾರದು. ಮುಚ್ಚಿ ಒಳಗೆ ನಿಂತಾಗ ಹಗಲ ಬೆಳಕು ಕಂಡರೆ ಮಳೆಯೂ ಬರುತ್ತದೆ. ತುರ್ತು ಕಿಟಕಿಯನ್ನು ನಿಜಕ್ಕೂ ತೆಗೆದು ನೋಡಿ.

ಕೆಳಗಡೆ: ಟೈರಿನ ಬದಿಯಲ್ಲಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ, 2324 ಅಂದರೆ 2024ರ 23ನೇ ವಾರ. ಹೊಸ ಗಾಡಿಗೆ ಹಳೇ ಸ್ಪೇರ್ ಇದೆಯೇ ನೋಡಿ. ಹಳದಿ ಸ್ಟಿಕರಿನಲ್ಲಿ ಎಷ್ಟು ಪೌಂಡ್ ಸಾಮಾನು ಹೇರಬಹುದು ಎಂದಿರುತ್ತದೆ. ನೀರು ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೇ 330 ಪೌಂಡ್ ದಾಟಿತು. 800 ಪೌಂಡ್ ಅವಕಾಶವಿರುವ ಟ್ರೇಲರಿನಲ್ಲಿ ಐದು ಜನರ ಸಂಸಾರ ಹಿಡಿಸುವುದು ಕಷ್ಟ.

ಇಷ್ಟೆಲ್ಲ ನಿಮ್ಮಿಂದಾಗದಿದ್ದರೆ ಎನ್‌ಆರ್‌ವಿಐಎ (ಆರ್‌ವಿ ಇನ್‌ಸ್ಪೆಕ್ಟರುಗಳ ಸಂಘ) ಸರ್ಟಿಫಿಕೇಟ್ ಇರುವ ಇನ್‌ಸ್ಪೆಕ್ಟರನ್ನು ನೀವೇ ದುಡ್ಡು ಕೊಟ್ಟು ಕರೆಸಿ; ಡೀಲರ್ ಹೇಳಿದವನು ಬೇಡ.

ಈಗ ಕಾಗದ. ‘ತೊಗೊಂಡ್ ಹೋಗಿ ಸಾರ್, ವಾರಂಟಿಯಲ್ಲಿ ಮಾಡ್ಕೊಡ್ತೀವಿ’ ಎನ್ನುವ ಮಾತಿಗೆ ಒಪ್ಪಬೇಡಿ. ದುಡ್ಡು ನಿಮ್ಮ ಕೈಯಲ್ಲಿರುವವರೆಗೆ ನೀವು ಗಿರಾಕಿ, ಸಹಿ ಹಾಕಿದ ಮೇಲೆ ಸರ್ವಿಸ್ ಸಾಲಿನ ಕೊನೆಯವರು. ಸ್ಪೇರ್ ಪಾರ್ಟಿಗೆ ವಾರಗಟ್ಟಲೆ ಕಾದು ಬೇಸಿಗೆ ಕಳೆಯುವುದು ಹೀಗೆಯೇ. ಟೇಪು ಅಂಟಿಸಿದ್ದೆಲ್ಲ ಸರಿಯಾದ ಮೇಲೆ ಮತ್ತೆ ಹೋಗಿ ನೋಡಿ, ಆಮೇಲೆ ಸಹಿ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ, ಚಳಿಗಾಲದಲ್ಲಿ ಗಾಡಿ ನಿಂತಿದ್ದರೂ ದಿನ ಓಡುತ್ತಿರುತ್ತದೆ. ಹಾಗಾಗಿ ಅಕ್ಟೋಬರಿಗಿಂತ ಮಾರ್ಚ್, ಏಪ್ರಿಲ್‌ನಲ್ಲಿ ಕೊಳ್ಳುವುದೇ ಲಾಭ. ಫ್ರಿಜ್, ಎಸಿ, ಆಕ್ಸಲ್‌ಗೆ ಬೇರೆ ಬೇರೆ ಕಂಪನಿಯ ವಾರಂಟಿ, ಒಂದೊಂದನ್ನೂ ನೋಂದಾಯಿಸಿ. ದೋಷವಿರುವ ಹೊಸ ಗಾಡಿ ಕೊಂಡವರನ್ನು ಕಾಯುವ, ಅನೇಕ ರಾಜ್ಯಗಳ ‘ಲೆಮನ್’ ಕಾನೂನು ಎಳೆದೊಯ್ಯುವ ಟ್ರೇಲರ್‌ಗಳಿಗೆ ಅನ್ವಯಿಸುವುದಿಲ್ಲ. ದಾವೆಯನ್ನು ಇಂಡಿಯಾನಾದಲ್ಲೇ ಹೂಡಬೇಕೆಂಬ ಷರತ್ತಿರುವ ವಾರಂಟಿ ಪತ್ರಗಳೂ ಇವೆ, ಸಣ್ಣ ಅಕ್ಷರ ಓದಿಕೊಳ್ಳಿ.

ಮೊದಲ ಎರಡು ರಾತ್ರಿ ಡೀಲರಿನಿಂದ ಅರ್ಧ ಗಂಟೆ ದೂರದೊಳಗಿನ ಕ್ಯಾಂಪಿನಲ್ಲೇ ಉಳಿಯಿರಿ, ಯೆಲ್ಲೊಸ್ಟೋನ್ ಆಮೇಲೆ. ಹೊರಟ ಮೇಲೆ 10, 25, 50 ಮೈಲಿ ಆದಾಗ ಒಂದೊಂದು ಸಲ ನಿಲ್ಲಿಸಿ, ಟಾರ್ಕ್ ರೆಂಚಿನಲ್ಲಿ ಚಕ್ರದ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಬಿಗಿಮಾಡಿ. ಅರ್ಧ ಇಂಚಿನ ಸ್ಟಡ್‌ಗೆ (ನಟ್ ಕೂರುವ ಬೋಲ್ಟ್) ಸಾಮಾನ್ಯವಾಗಿ 90ರಿಂದ 120 ಫುಟ್-ಪೌಂಡ್, ನಿಖರ ಸಂಖ್ಯೆ ಆಕ್ಸಲ್ ಮ್ಯಾನ್ಯುಯಲ್‌ನಲ್ಲಿದೆ.