ಚಳಿಯೂರಿಗೆ ಮೋಟಾರ್‌ಹೋಮ್: ಹೀಟ್ ಪಂಪ್ ಎಲ್ಲಿಯವರೆಗೆ, ಫರ್ನೇಸ್ ಎಲ್ಲಿಂದ?

ಪುಣೆಯ ಚಳಿಯನ್ನು ಅಳೆಯಲು ಥರ್ಮಾಮೀಟರ್ ಬೇಡ, ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ಸಾಕು. ಡಿಸೆಂಬರ್ ರಾತ್ರಿ ಹತ್ತು–ಹನ್ನೆರಡು ಡಿಗ್ರಿಗೆ ಇಳಿದರೂ, ಇಲ್ಲಾಗಲಿ ಮಹಾಬಲೇಶ್ವರದಲ್ಲಾಗಲಿ, ಮೋಟಾರ್‌ಹೋಮ್‌ನೊಳಗೆ, ಅಂದರೆ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಮನೆಗಾಡಿಯೊಳಗೆ, ಎರಡು ಕಂಬಳಿ ಹೊದ್ದರೆ ಬೆಳಗಾಗುತ್ತದೆ. ಅದೇ ಗಾಡಿಯನ್ನು ಹಿಮಾಚಲದ ಮನಾಲಿ, ಕಿನ್ನೌರ್, ಸ್ಪಿತಿ ಕಡೆ ತಿರುಗಿಸಿದಿರೋ, ಕಂಬಳಿಯ ಲೆಕ್ಕ ಮುಗಿಯಿತು. ‘ಏಸಿಯಲ್ಲೇ ಹೀಟ್ ಬಟನ್ ಇದೆ, ಮತ್ತೆ ಬೇರೆ ಹೀಟರ್ ಯಾಕೆ?’ ಎಂದು ಗಾಡಿ ಕಟ್ಟಿಸುವವರಲ್ಲಿ ಹೆಚ್ಚಿನವರು ಕೇಳುತ್ತಾರೆ. ಉತ್ತರ 5 ಡಿಗ್ರಿಯ ಆಸುಪಾಸಿನಲ್ಲಿದೆ.

ಹೀಟ್ ಪಂಪ್ ಎಂದರೆ ಮುಂಬೈ, ಗೋವಾದ ಮನೆಗಳಲ್ಲಿ ವರ್ಷವಿಡೀ ಓಡುವ ಏಸಿಯೇ, ಉಲ್ಟಾ ಓಡುವುದು ಅಷ್ಟೆ. ರಿವರ್ಸಿಂಗ್ ವಾಲ್ವ್ ಎಂಬ ಭಾಗ ಒಳಗಿನ ಗ್ಯಾಸಿನ ದಾರಿ ಬದಲಿಸಿ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಹೊತ್ತು ತರುತ್ತದೆ. ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಎರಡು–ಮೂರು ಯೂನಿಟ್ ಶಾಖ ಸಿಗುತ್ತದೆ. ಫರ್ನೇಸ್, ಅಂದರೆ ಇಂಧನ ಉರಿಸುವ ಹೀಟರ್, ಎಲ್‌ಪಿಜಿಯನ್ನೋ ಡೀಸೆಲ್ಲನ್ನೋ ಸುಟ್ಟು ಶಾಖ ಮಾಡುತ್ತದೆ, ಹೊರಗೆ ಎಷ್ಟೇ ಚಳಿಯಿದ್ದರೂ.

ಹೊರಗೆ 5 ಡಿಗ್ರಿ ಇದ್ದಾಗ ಹೀಟ್ ಪಂಪಿನ ಹೊರಗಿನ ಕಾಯಿಲ್ ಅದಕ್ಕಿಂತ ತಣ್ಣಗೆ, ಶೂನ್ಯಕ್ಕೂ ಕೆಳಗೆ ಇರುತ್ತದೆ. ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕೂರುತ್ತದೆ. ರೂಫ್‌ಟಾಪ್ ಮಾದರಿಯ ಎಷ್ಟೋ ಯಂತ್ರಗಳು ಸುಮಾರು 4 ಡಿಗ್ರಿಗೆ ಬಂದಾಗ ತಾವಾಗಿಯೇ ನಿಂತುಬಿಡುತ್ತವೆ. ಮನೆಬಳಕೆಯ ಇನ್ವರ್ಟರ್ ಸ್ಪ್ಲಿಟ್ ಕೂರಿಸಿದ್ದರೆ ಇನ್ನೂ ಕೆಳಗೆ ಓಡಬಹುದು, ಆದರೆ ಆಗಾಗ ಡಿಫ್ರಾಸ್ಟ್‌ಗೆ ಹೋಗುತ್ತದೆ: ಕೆಲವು ನಿಮಿಷ ಶಾಖ ನಿಂತು, ಹೊರಗಿನ ಯೂನಿಟ್ಟಿನಿಂದ ನೀರು ಸುರಿಯುತ್ತದೆ. ಕೆಟ್ಟಿದೆ ಎಂದು ಆಗ ಆಫ್ ಮಾಡಬೇಡಿ, ಹಿಮ ಕರಗಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಮಾತು. ರಿಮೋಟಿನಲ್ಲಿ ಸೂರ್ಯನ ಚಿತ್ರ ಇದ್ದ ಮಾತ್ರಕ್ಕೆ ಏಸಿ ಶಾಖ ಕೊಡುತ್ತದೆ ಎಂದಲ್ಲ. ಒಂದೇ ರಿಮೋಟನ್ನು ಹಲವು ಮಾದರಿಗಳಿಗೆ ಕೊಡುತ್ತಾರೆ. ಹೊರಗಿನ ಯೂನಿಟ್ಟಿನ ತಗಡಿನ ಪಟ್ಟಿಯಲ್ಲಿ ತಂಪಿನ ಸಾಮರ್ಥ್ಯದ ಕೆಳಗೆ ಹೀಟಿಂಗ್ ಸಾಮರ್ಥ್ಯವೂ ವ್ಯಾಟ್‌ಗಳಲ್ಲಿ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಅದು ತಂಪಿನ ಏಸಿ ಮಾತ್ರ.

ಪುಣೆ ಬಿಡುವ ಹದಿನೈದು ದಿನ ಮೊದಲು

ಹೀಟರನ್ನು ಹೊತ್ತಿಸಿ ನೋಡಿ. ನಾಲ್ಕು ತಿಂಗಳ ಮಳೆಯಲ್ಲಿ ನಿಂತ ಗಾಡಿಯ ಎಕ್ಸಾಸ್ಟ್ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದು ಸಾಮಾನ್ಯ. ಗಾಳಿ ಒಳಬರುವ ಕೊಳವೆಯೂ ಹಾಗೇ. ಟಾರ್ಚ್ ಹಾಕಿ ನೋಡಿ, ಮೆತ್ತನೆಯ ತಂತಿಯಿಂದ ಬಿಡಿಸಿ. ಗೋವಾ, ಮುಂಬೈ ಕಡಲ ತಡಿಯಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಕೊಳವೆಯ ಕ್ಲ್ಯಾಂಪ್ ತುಕ್ಕು ಹಿಡಿದು ಸಡಿಲಾಗಿರುತ್ತದೆ. ಹೊಸದಕ್ಕೆ ನೂರಿನ್ನೂರು ರೂಪಾಯಿ ಹೋದರೆ ಹೋಗಲಿ, ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಿಸಿ.

ಇನ್ನೂ ಹೀಟರ್ ಕೊಂಡಿಲ್ಲವೇ? ನಮ್ಮ ದೇಶದ ಮಟ್ಟಿಗೆ ಡೀಸೆಲ್ ಹೀಟರೇ ಸರಿ. ಇಲ್ಲಿನ ಎಲ್‌ಪಿಜಿ ಬ್ಯುಟೇನ್ ಮತ್ತು ಪ್ರೊಪೇನ್ ಬೆರಕೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ, ಬ್ಯುಟೇನ್ ಮೈನಸ್ ಅರ್ಧ ಡಿಗ್ರಿಗೇ ಸುಸ್ತಾಗುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿ ಇದ್ದಾಗ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ದ್ರವ ಗುಳುಗುಳು ಎನ್ನುತ್ತದೆ, ಉರಿ ಮಾತ್ರ ಹತ್ತದು. ಪೆಟ್ರೋಲ್ ಬಂಕಿನಲ್ಲಿ ಸಿಗುವ 5 ಕೆ.ಜಿ. ‘ಛೋಟು’ ಸಿಲಿಂಡರಿನಲ್ಲಿ ಇದು ಬೇಗ ಕಾಣುತ್ತದೆ, ಏಕೆಂದರೆ ಆವಿ ಹುಟ್ಟಲು ಅದರ ಮೈಯ ಅಗಲ ಕಡಿಮೆ. 30,000 ಬಿಟಿಯು (ಶಾಖದ ಅಳತೆ) ಫರ್ನೇಸ್ ನಿರಂತರ ಉರಿದರೆ ಗಂಟೆಗೆ ಸುಮಾರು 700 ಗ್ರಾಂ ಗ್ಯಾಸ್ ತಿನ್ನುತ್ತದೆ. ಆ ಲೆಕ್ಕಕ್ಕೆ ಛೋಟು ಒಂದು ರಾತ್ರಿಯ ಊಟ. ಎಲ್‌ಪಿಜಿಯೇ ಇರುವ ಗಾಡಿಯಾದರೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಅದರ ಪೆಟ್ಟಿಗೆಗೆ ತಳದಲ್ಲಿ ಹೊರಕ್ಕೆ ತೂತು ಬಿಡಿ. ಬೆಚ್ಚಗಾಗಿಸಲೇಬೇಕಾದರೆ ಕೈಗೆ ಹಿತವಾಗುವಷ್ಟು ಬಿಸಿನೀರಿನ ಬಟ್ಟೆ ಸುತ್ತಿ. ಬೆಂಕಿ, ಹೀಟ್ ಗನ್ ಹತ್ತಿರವೂ ತರಬೇಡಿ.

ಹೀಟರಿನ ಗಾತ್ರದಲ್ಲಿ ದುರಾಸೆ ಬೇಡ. ಆರು ಮೀಟರ್ ಉದ್ದದ, ಗೋಡೆಗೆ 25 ಮಿ.ಮೀ. ಇನ್ಸುಲೇಷನ್ ಹಾಕಿದ ವ್ಯಾನಿಗೆ 2 ಕಿಲೋವ್ಯಾಟ್ ಸಾಕು. ಬಸ್ಸಿನ ಮೈಕಟ್ಟಿಗೆ 4–5. ಚಿಕ್ಕ ವ್ಯಾನಿಗೆ 5 ಕಿಲೋವ್ಯಾಟಿನದು ಹಾಕಿದರೆ ಅದು ಯಾವಾಗಲೂ ಸಣ್ಣ ಉರಿಯಲ್ಲೇ ಕೂತು ಒಳಗೆಲ್ಲ ಮಸಿ ಕಟ್ಟಿಕೊಳ್ಳುತ್ತದೆ. ಈಗಾಗಲೇ ದೊಡ್ಡದಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಓಡಿಸಿ, ಮಸಿ ಸುಟ್ಟುಹೋಗುತ್ತದೆ.

ವೈರಿನ ದಪ್ಪ

ಹೀಟರ್ ಹೊತ್ತಲಿಲ್ಲ ಎಂಬ ದೂರಿನಲ್ಲಿ ಹೆಚ್ಚಿನವು ನಿಜಕ್ಕೂ ವೋಲ್ಟೇಜಿನ ದೂರು. ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಬಿಸಿಯಾಗುವ ಮೊದಲ ಎರಡು–ಮೂರು ನಿಮಿಷ 12 ವೋಲ್ಟ್ ಬ್ಯಾಟರಿಯಿಂದ 8ರಿಂದ 10 ಆಂಪಿಯರ್ ಎಳೆಯುತ್ತದೆ. ಹೊತ್ತಿದ ಮೇಲೆ ಒಂದೆರಡು ಆಂಪಿಯರ್ ಸಾಕು. ಬ್ಯಾಟರಿಯಿಂದ ಹೀಟರಿಗೆ ನಾಲ್ಕು ಮೀಟರ್ ದೂರ ಇದ್ದು 1.5 ಚದರ ಮಿ.ಮೀ. ವೈರ್ ಎಳೆದಿದ್ದರೆ ಹೋಗಿ ಬರುವ ಎಂಟು ಮೀಟರಿನಲ್ಲೇ ಸುಮಾರು ಒಂದು ವೋಲ್ಟ್ ಸೋರಿಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ 0.4 ವೋಲ್ಟ್‌ಗಿಂತ ಕಡಿಮೆ. ಎಲ್‌ಪಿಜಿ ಫರ್ನೇಸಿನಲ್ಲೂ ಇದೇ ಕಥೆ: ಫ್ಯಾನ್ ಪೂರ್ತಿ ವೇಗ ಹಿಡಿದರೆ ಮಾತ್ರ ಸೇಲ್ ಸ್ವಿಚ್ ಎಂಬ ಪುಟ್ಟ ರೆಕ್ಕೆ ಎದ್ದು ಕಿಡಿಗೆ ಅಪ್ಪಣೆ ಕೊಡುತ್ತದೆ. ಬ್ಯಾಟರಿ ಸೊರಗಿದ್ದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ತಣ್ಣನೆ ಗಾಳಿ ಬೀಸುತ್ತಲೇ ಇರುತ್ತದೆ. ಗ್ಯಾಸ್ ಖಾಲಿಯಾಗಿದೆ ಎಂದು ಸಿಲಿಂಡರ್ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ.

ಲಿಥಿಯಂ ಬ್ಯಾಟರಿ ಇದ್ದರೆ ಅದನ್ನು ಗಾಡಿಯ ಒಳಗೇ, ಬೆಚ್ಚನೆಯ ಜಾಗದಲ್ಲಿಡಿ. ಶೂನ್ಯಕ್ಕಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಸೆಲ್ ಕಾಯಂ ಆಗಿ ಹಾಳಾಗುತ್ತದೆ. ಬ್ಯಾಟರಿಯಿಂದಲೇ ಹೀಟ್ ಪಂಪ್ ಓಡಿಸುವ ಆಸೆ ಇರುವವರಿಗೆ ಲೆಕ್ಕ ಇಷ್ಟು: 200 ಆಂಪಿಯರ್-ಅವರ್ ಲಿಥಿಯಂ, ಅಂದರೆ ಸುಮಾರು 2,500 ವ್ಯಾಟ್-ಅವರ್, ಇನ್ವರ್ಟರ್ ಹತ್ತು ಶೇಕಡಾ ನುಂಗಿದ ಮೇಲೆ 800 ವ್ಯಾಟ್ ಎಳೆಯುವ ಏಸಿ ಮೂರು ಗಂಟೆಯೂ ತುಂಬದು. ಡೀಸೆಲ್ ಹೀಟರ್ ಅದೇ ಬ್ಯಾಟರಿಯಿಂದ ಇಡೀ ರಾತ್ರಿಗೆ 15–20 ಆಂಪಿಯರ್-ಅವರ್, ಜೊತೆಗೆ ಎರಡು ಲೀಟರ್ ಆಸುಪಾಸು ಡೀಸೆಲ್ ತೆಗೆದುಕೊಳ್ಳುತ್ತದೆ.

ದಾರಿಯಲ್ಲಿ

ಹೋಟೆಲ್ ಅಂಗಳದಲ್ಲೋ ಕ್ಯಾಂಪಿನಲ್ಲೋ 16 ಆಂಪಿಯರ್ ಪ್ಲಗ್ ಸಿಕ್ಕ ರಾತ್ರಿ, ಹೊರಗೆ 7–8 ಡಿಗ್ರಿ ಇರುವವರೆಗೂ ಹೀಟ್ ಪಂಪನ್ನೇ ಓಡಿಸಿ, ಡೀಸೆಲ್ ಉಳಿಯಲಿ. ಅದೇ ಪ್ಲಗ್ಗಿಗೆ ಗೀಸರ್, ಇಂಡಕ್ಷನ್ ಒಟ್ಟಿಗೆ ಹಾಕಬೇಡಿ. 16 ಆಂಪಿಯರ್ ಅಂದರೆ ಹೆಚ್ಚೆಂದರೆ 3,600 ವ್ಯಾಟ್, ಹಳೆಯ ವೈರಿಂಗಿನಲ್ಲಿ ಅದೂ ಅನುಮಾನ. ಮಲಗುವ ಮೊದಲು ಪ್ಲಗ್ ಮುಟ್ಟಿ ನೋಡಿ, ಬಿಸಿ ತಗುಲಿದರೆ ಏಸಿ ನಿಲ್ಲಿಸಿ.

ಬೆಳಗಿನ ಜಾವ 5 ಡಿಗ್ರಿಗೆ ಇಳಿಯುವ ಸೂಚನೆ ಇದ್ದರೆ ಮಲಗುವ ಮೊದಲೇ ಫರ್ನೇಸಿಗೆ ಬದಲಾಯಿಸಿ. ಎರಡಕ್ಕೂ ಒಂದೇ ಥರ್ಮೋಸ್ಟಾಟ್ ಇರುವ ಗಾಡಿಯಲ್ಲಿ ಈ ಕೆಲಸ ತಾನಾಗಿಯೇ ಆಗಬಹುದು. ಆದರೆ ಹೊರದೇಶದಿಂದ ಬಂದ ದೊಡ್ಡ ಮೋಟಾರ್‌ಹೋಮ್ ಇದ್ದವರು ಇದನ್ನು ಗಮನಿಸಬೇಕು: ನೀರಿನ ಟ್ಯಾಂಕಿರುವ ಕೆಳಗಿನ ಕೋಣೆಗೆ ಬಿಸಿಗಾಳಿ ಹೋಗುವುದು ಸಾಮಾನ್ಯವಾಗಿ ಫರ್ನೇಸಿನ ಡಕ್ಟಿನಿಂದ ಮಾತ್ರ. ಹೀಟ್ ಪಂಪಿನಿಂದ ಮೇಲೆ ನೀವು ಬೆಚ್ಚಗಿರುತ್ತೀರಿ, ಕೆಳಗೆ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಹೆಪ್ಪುಗಟ್ಟುವ ರಾತ್ರಿ ಪ್ಲಗ್ ಇದ್ದರೂ ಫರ್ನೇಸ್ ಓಡಲೇಬೇಕು.

ಮೂರೂವರೆ ಸಾವಿರ ಮೀಟರ್ ಮೇಲೆ

ಸ್ಪಿತಿಯಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಪಂಪ್ ಹಾಕುವ ಡೀಸೆಲ್ ಅಷ್ಟೇ, ಆಮ್ಲಜನಕ ಕಡಿಮೆ. ಉರಿ ಹೊಗೆಯಾಡುತ್ತದೆ, ಒಳಗೆ ಮಸಿ ತುಂಬುತ್ತದೆ, ಎರಡು–ಮೂರು ರಾತ್ರಿಯಲ್ಲಿ ಹೀಟರ್ ಕೈ ಎತ್ತುತ್ತದೆ. ಕೆಲವು ಹೀಟರುಗಳು ಎತ್ತರವನ್ನು ತಾವೇ ಅರಿತು ಡೀಸೆಲ್ ಇಳಿಸುತ್ತವೆ, ಕೆಲವಕ್ಕೆ ಪ್ರತ್ಯೇಕ ಕಿಟ್ ಬೇಕು. ಅಗ್ಗದವುಗಳಲ್ಲಿ ಕಂಟ್ರೋಲರಿನ ಒಳ ಮೆನುವಿಗೆ ಹೋಗಿ ಪಂಪಿನ ಹರ್ಟ್ಸ್, ಅಂದರೆ ಸೆಕೆಂಡಿಗೆ ಅದು ಡೀಸೆಲ್ ತಳ್ಳುವ ಸಲ, ತಗ್ಗಿಸಬೇಕು. ಒಮ್ಮೆಗೆ 0.2ರಷ್ಟು ಇಳಿಸಿ, ಹತ್ತು ನಿಮಿಷ ಓಡಿಸಿ, ಎಕ್ಸಾಸ್ಟಿನಲ್ಲಿ ಕಪ್ಪು ಹೊಗೆ ನಿಲ್ಲುವವರೆಗೆ ನೋಡುತ್ತಾ ಬನ್ನಿ. ಮೊದಲಿನ ಅಂಕಿಗಳನ್ನು ಪುಣೆಯಲ್ಲೇ ಬರೆದಿಟ್ಟುಕೊಳ್ಳಿ, ಇಳಿದು ಬಂದ ಮೇಲೆ ಅವೇ ಬೇಕು.

ಹೀಟರ್ ನಿಲ್ಲಿಸುವಾಗ ಮೇನ್ ಸ್ವಿಚ್ ಎಳೆಯಬೇಡಿ. ಬಟನ್ ಒತ್ತಿ ಬಿಡಿ, ಮೂರರಿಂದ ಐದು ನಿಮಿಷ ಫ್ಯಾನ್ ತಾನೇ ಓಡಿ ಉರಿಕೋಣೆಯನ್ನು ತಣಿಸುತ್ತದೆ.

ಇನ್ನು ಡೀಸೆಲ್. ಕೊಬ್ಬರಿ ಎಣ್ಣೆಯ ಹಾಗೆ ಇದೂ ಗಟ್ಟಿಯಾಗುತ್ತದೆ. ಸಾಮಾನ್ಯ ಡೀಸೆಲ್ಲಿನ ಪೋರ್ ಪಾಯಿಂಟ್, ಅಂದರೆ ಹರಿಯುವ ಕೊನೆಯ ಉಷ್ಣಾಂಶ, ಚಳಿಗಾಲಕ್ಕೆ ಹೆಚ್ಚೆಂದರೆ 3 ಡಿಗ್ರಿ, ಬೇಸಿಗೆಗೆ 15 ಡಿಗ್ರಿ ಇರಬಹುದು ಎಂದು ನಮ್ಮ ಮಾನದಂಡ ಹೇಳುತ್ತದೆ. ಅಕ್ಟೋಬರಿನಲ್ಲಿ ಪುಣೆಯಲ್ಲಿ ತುಂಬಿಸಿದ ಟ್ಯಾಂಕನ್ನೇ ಹೊತ್ತು ಮೈನಸ್ 15ಕ್ಕೆ ಹೋದರೆ ಫಿಲ್ಟರಿನಲ್ಲಿ ಮೇಣ ಕಟ್ಟುತ್ತದೆ, ಹೀಟರಷ್ಟೇ ಅಲ್ಲ ಎಂಜಿನ್ನೂ ನಿಲ್ಲುತ್ತದೆ. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿ ಪೋರ್ ಪಾಯಿಂಟಿನ ಚಳಿಗಾಲದ ಡೀಸೆಲ್ ತಂದಿತು. ಅತ್ತ ಹೋಗುವವರು ಟ್ಯಾಂಕ್ ತಳ ಕಾಣಿಸಿಕೊಂಡು ಹೋಗಿ ಅಲ್ಲೇ ತುಂಬಿಸಿ. ಹೀಟರಿಗೆ 10 ಲೀಟರಿನ ಬೇರೆ ಟ್ಯಾಂಕ್ ಇದ್ದರೆ ಅದಕ್ಕೆ ಸೀಮೆಎಣ್ಣೆ ಬೆರೆಸಬಹುದು, ಬಿಎಸ್-6 ಎಂಜಿನ್ನಿನ ಟ್ಯಾಂಕಿಗೆ ಮಾತ್ರ ಬೇಡ.

ಉಸಿರಿನ ವಿಷಯ

ಎಕ್ಸಾಸ್ಟ್ ಕೊಳವೆ ಗಾಡಿಯ ಅಡಿಯಲ್ಲೇ ಮುಗಿಯಬಾರದು. ಅಂಚಿನವರೆಗೆ ಬಂದು ಹೊರಗೆ ಬಾಯಿ ತೆರೆಯಬೇಕು, ಕಿಟಕಿಯ ಕೆಳಗಲ್ಲ, ಗಾಳಿ ಎಳೆಯುವ ಕೊಳವೆಯ ಪಕ್ಕದಲ್ಲೂ ಅಲ್ಲ. ನೀರು ನಿಲ್ಲದಂತೆ ಹೊರಕ್ಕೆ ಇಳಿಜಾರು ಕೊಡಿ. ರಾತ್ರಿ ಹಿಮ ಬಿದ್ದರೆ ಎದ್ದು ಅದರ ಬಾಯಿ ಬಿಡಿಸಿ, ಆಮೇಲೆ ಚಹಾ.

ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಅದರ ಅಲಾರ್ಮ್ ಮಲಗಿದವರ ತಲೆಯ ಎತ್ತರದಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರ್ಮ್ ನೆಲದ ಹತ್ತಿರ. ಎರಡನ್ನೂ ಒಂದೇ ಕಡೆ ಮೊಳೆ ಹೊಡೆಯುವ ಕಾರ್ಪೆಂಟರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ಗ್ಯಾಸ್ ಒಲೆ ಹಚ್ಚಿಟ್ಟು ಮೈ ಕಾಯಿಸುವುದು, ಇದ್ದಿಲಿನ ಶೇಗಡಿ ಒಳಗೆ ತರುವುದು ಎಷ್ಟೇ ಚಳಿಯಾದರೂ ಕೂಡದು.

ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಅರ್ಧ ಲೀಟರಿನಷ್ಟು ನೀರು ಗಾಳಿ ಸೇರುತ್ತದೆ. ಚಾವಣಿಯ ಕಿಂಡಿಯನ್ನು ಎರಡು ಬೆರಳು ತೆರೆದಿಡಿ. ಸ್ವಲ್ಪ ಶಾಖ ಹೋಗುತ್ತದೆ ನಿಜ, ಇಲ್ಲದಿದ್ದರೆ ಗಾಜಿನಿಂದ ಇಳಿದ ನೀರು ಹಾಸಿಗೆಯ ಅಡಿ ಸೇರಿ, ಗಾಡಿ ಪುಣೆಗೆ ಮರಳುವ ಹೊತ್ತಿಗೆ ಪ್ಲೈವುಡ್ ಬೂಸ್ಟು ಹಿಡಿದಿರುತ್ತದೆ.