ತಾರೀಖು ನೋಡಿ ಕೀರ್ತನೆ ಓದಿ

ಬೆಳಿಗ್ಗೆ ಬೈಬಲ್ ತೆರೆದು ಏನು ಓದಲಿ ಅಂತ ಪುಟ ತಿರುವುತ್ತಾ ಕೂರುವವರಿಗೆ ಒಂದು ಲೆಕ್ಕ: ಕೀರ್ತನೆಗಳ ಪುಸ್ತಕದಲ್ಲಿ ಇವತ್ತಿನ ತಾರೀಖಿನ ಸಂಖ್ಯೆಯ ಕೀರ್ತನೆ ತೆಗೆಯಿರಿ, ಆಮೇಲೆ 30 ಕೂಡಿಸುತ್ತಾ ಹೋಗಿ. 23 ಆದರೆ 23, 53, 83, 113, 143. ಐದರ ಮೇಲೂ ಕಣ್ಣಾಡಿಸಿ, ಮನಸ್ಸಿಗೆ ತಾಕಿದ ಒಂದು ಸಾಲನ್ನೇ ಅವತ್ತಿನ ಪ್ರಾರ್ಥನೆ ಮಾಡಿಕೊಳ್ಳಿ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟಾಗ, ಸಂಡೇ ಸ್ಕೂಲ್‌ಗೆ ಹೋಗುವಾಗ ಅದನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. 30 ದಿನದಲ್ಲಿ 150 ಕೀರ್ತನೆಗಳೂ ಕಣ್ಣಿಗೆ ಬೀಳುತ್ತವೆ, ಇಷ್ಟವಾದದ್ದನ್ನೇ ಮತ್ತೆ ಮತ್ತೆ ಓದುವ ಚಾಳಿ ತಪ್ಪುತ್ತದೆ. 23 ಎಲ್ಲರಿಗೂ ಬಾಯಿಪಾಠ ಅಲ್ವಾ, ಆದರೆ ಅದೇ ದಿನ ಬರುವ 143ರಲ್ಲಿ ನಡೆಯಬೇಕಾದ ದಾರಿ ತೋರಿಸು ಅಂತ ದಾವೀದ ಬೇಡುವುದನ್ನು ಎಷ್ಟು ಜನ ಗಮನಿಸಿದ್ದೇವೆ? 29ಕ್ಕೆ ಮಾತ್ರ ಹುಷಾರು, 119 ಬರುತ್ತದೆ, 176 ವಚನ! ತಿಂಗಳಲ್ಲಿ 31 ಇದ್ದರೆ ಅದನ್ನು ಅವತ್ತಿಗೆ ಎತ್ತಿಡಿ, ಹೇಗೂ ಆ ದಿನಕ್ಕೆ ಬೇರೆ ಕೀರ್ತನೆ ಉಳಿದಿರುವುದಿಲ್ಲ. ಫೆಬ್ರವರಿಯಲ್ಲಿ ಕೊನೆಯವು ತಪ್ಪಿಹೋಗುತ್ತವೆ, ಪರವಾಗಿಲ್ಲ. ಆದರೆ ಈ ಕೆಲಸ ಬಿಡಲಾ, ಆ ಸೇವೆ ಒಪ್ಪಿಕೊಳ್ಳಲಾ ಅನ್ನೋದಕ್ಕೆ ಇದರಲ್ಲಿ ಹೌದು-ಇಲ್ಲ ಹುಡುಕಬೇಡಿ, ಸುಮ್ನೆ ಶಕುನ ನೋಡಿದ ಹಾಗಾಗುತ್ತದೆ. ಅಂಥದ್ದನ್ನು ಮನೆಯವರ ಜೊತೆ, ಪಾಸ್ಟರ್ ಜೊತೆ ಕೂತು ಮಾತಾಡಿ, ಪ್ರಾರ್ಥಿಸಿ.